ಅಂಕಿಗಳ ಮೇಲೆ ಬಿದ್ದ ಬಿಸಿಲು

ಮಕ್ಕಳೇ, ‘ಎನ್13ಇ075’ ಎಂಬ ಹೆಸರಿನ ಒಂದು ಕಡತವಿದೆ. ಅಂತರಿಕ್ಷದಿಂದ ಭೂಮಿಯನ್ನು ಅಳೆದವರು ಇಟ್ಟ ಹೆಸರು ಅದು. ಎನ್ ಅಂದರೆ ಉತ್ತರ, ಇ ಅಂದರೆ ಪೂರ್ವ. 13 ಡಿಗ್ರಿ ಉತ್ತರ ಅಕ್ಷಾಂಶವೂ 75 ಡಿಗ್ರಿ ಪೂರ್ವ ರೇಖಾಂಶವೂ ಸೇರುವ ಮೂಲೆಯಿಂದ ಹೊರಟು, ಉತ್ತರಕ್ಕೆ ಒಂದು ಡಿಗ್ರಿ, ಪೂರ್ವಕ್ಕೆ ಒಂದು ಡಿಗ್ರಿ ಹರಡಿದ ಚೌಕ. ಅಟ್ಲಾಸ್ ತೆಗೆದು ನೋಡಿ. ಆಗುಂಬೆ, ಶೃಂಗೇರಿ, ಕುದುರೆಮುಖ, ಚಿಕ್ಕಮಗಳೂರು, ಶಿವಮೊಗ್ಗ ಎಲ್ಲವೂ ಈ ಚೌಕದೊಳಗೇ ಇವೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೂ ಇಲ್ಲೇ ಇದೆ.

ಕಡತವನ್ನು ತೆರೆದರೆ ಬೆಟ್ಟವೂ ಕಾಣುವುದಿಲ್ಲ, ಕಾಡೂ ಕಾಣುವುದಿಲ್ಲ. ಇರುವುದೆಲ್ಲ ಬರೀ ಅಂಕಿ. ಒಂದು ಸಾಲಿನಲ್ಲಿ 3601 ಅಂಕಿಗಳು, ಅಂಥ 3601 ಸಾಲುಗಳು. ಗುಣಿಸಿದರೆ ಹತ್ತಿರಹತ್ತಿರ 1 ಕೋಟಿ 30 ಲಕ್ಷ. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಗಟ್ಟಿಯಾಗಿ ಓದುತ್ತ ಕೂತರೂ ಮುಗಿಯಲು 150 ದಿನ ಬೇಕು. ಓದಿ ಮುಗಿಸಿದ ಮೇಲೂ ಬೆಟ್ಟ ಹೇಗಿದೆ ಎಂದು ಕೇಳಿದರೆ ಹೇಳಲು ಏನೂ ಉಳಿದಿರುವುದಿಲ್ಲ.

ಒಂದೊಂದು ಅಂಕಿಯೂ ಒಂದು ಜಾಗದ ಎತ್ತರ. ಸಮುದ್ರ ಮಟ್ಟದಿಂದ ಇಷ್ಟು ಮೀಟರ್, ಅಷ್ಟೇ. ಅದಕ್ಕೆ ದಿಕ್ಕಿಲ್ಲ. ಹೀಗೆ ದಿಕ್ಕಿಲ್ಲದೆ ಬರೀ ಅಳತೆ ಮಾತ್ರ ಇರುವುದನ್ನು ನಿಮ್ಮ ವಿಜ್ಞಾನದ ಪುಸ್ತಕ ಅದಿಶ ಪರಿಮಾಣ ಎನ್ನುತ್ತದೆ. ಇವತ್ತಿನ ತಾಪಮಾನ ಅದಿಶ. ನಿನ್ನೆ ಬಿದ್ದ ಮಳೆಯ ಪ್ರಮಾಣವೂ ಅದಿಶ. ಗಾಳಿ ಬೀಸುವ ವೇಗ ಹಾಗಲ್ಲ, ಅದು ಯಾವ ಕಡೆಗೆ ಬೀಸುತ್ತಿದೆ ಎಂಬುದನ್ನೂ ಹೇಳಬೇಕು.

ಇದೇ ಕಡತವನ್ನು ಇನ್ನೊಂದು ಬಗೆಯಲ್ಲಿ ತೆರೆದರೆ ಪರದೆಯ ಮೇಲೆ ಬೆಟ್ಟಗಳ ಸಾಲು ಎದ್ದು ನಿಲ್ಲುತ್ತದೆ. ಚಂದ್ರದ್ರೋಣ ಪರ್ವತ ಬಾಗಿ ಬಳಸಿಕೊಂಡಿರುವುದು ಕಾಣುತ್ತದೆ, ಅದರ ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದು ಮಗ್ಗುಲಿಗೆ ನೆರಳು. ಬೆರಳಿಟ್ಟರೆ ಉಬ್ಬುತಗ್ಗು ತಗುಲೀತೇನೋ ಎನಿಸುತ್ತದೆ. ಕಡತದಲ್ಲಿ ಬಿಸಿಲಿರಲಿಲ್ಲ, ನೆರಳೂ ಇರಲಿಲ್ಲ. ಎಲ್ಲಿಂದ ಬಂದವು?

ಅದಕ್ಕೆ ಮೊದಲು ಅಂಕಿಗಳು ಬಂದದ್ದು ಎಲ್ಲಿಂದ ಎಂದು ತಿಳಿಯಬೇಕು. 2000ನೇ ಇಸವಿ ಫೆಬ್ರವರಿ 11ರಂದು ಅಮೆರಿಕದ ‘ಎಂಡೆವರ್’ ನೌಕೆ ಆರು ಮಂದಿ ಗಗನಯಾತ್ರಿಗಳನ್ನು ಕೂರಿಸಿಕೊಂಡು ಮೇಲೇರಿತು. ಕಕ್ಷೆ ಸೇರಿದ ಮೇಲೆ ಅದು ತನ್ನ ಪಕ್ಕದಿಂದ 60 ಮೀಟರ್ ಉದ್ದದ ಕಂಬವೊಂದನ್ನು ಹೊರಚಾಚಿತು. ಒಂದು ರೇಡಾರ್ ಆಂಟೆನಾ ನೌಕೆಯಲ್ಲೇ ಇತ್ತು, ಇನ್ನೊಂದು ಆ ಕಂಬದ ತುದಿಯಲ್ಲಿ. ನೌಕೆ ಕಳಿಸಿದ ರೇಡಾರ್ ಅಲೆ ನೆಲಕ್ಕೆ ಬಡಿದು ವಾಪಸು ಬರುವಾಗ ಎರಡು ಆಂಟೆನಾಗಳಿಗೂ ಒಂದೇ ಸಮನಾಗಿ ತಲುಪುವುದಿಲ್ಲ, ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸದಿಂದ ನೆಲದ ಎತ್ತರವನ್ನು ಲೆಕ್ಕ ಹಾಕಿದರು. ರೇಡಾರಿಗೆ ಹಗಲೇನು, ಇರುಳೇನು! ಮೋಡವೂ ಅಡ್ಡ ಬರುವುದಿಲ್ಲ. ಹಾಗಾಗಿ ಹನ್ನೊಂದು ದಿನಗಳಲ್ಲಿ ಭೂಮಿಯ ನೆಲದಲ್ಲಿ ನೂರಕ್ಕೆ ಸುಮಾರು 80 ಪಾಲು ಅಳೆದು ಮುಗಿಯಿತು. ಆದರೆ ಆ ರೇಡಾರ್ ದಟ್ಟ ಕಾಡಿನ ನೆಲಕ್ಕೆ ಪೂರ್ತಿ ಇಳಿಯಲಾರದು, ಮರಗಳ ತಲೆಯ ಕಡೆಯಿಂದಲೇ ಅದರ ಬಹುಪಾಲು ಹಿಂತಿರುಗುತ್ತದೆ. ಪಶ್ಚಿಮ ಘಟ್ಟದ ಕಾಡಿರುವ ಕಡೆ ಆ ಅಂಕಿಗಳಲ್ಲಿ ಮರದ ಎತ್ತರವೂ ಒಂದಿಷ್ಟು ಸೇರಿಕೊಂಡಿದೆ.

ನಮ್ಮ ಇಸ್ರೋ ಬೇರೆ ದಾರಿ ಹಿಡಿಯಿತು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹೊರಟ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು ನೇರ ಕೆಳಗಿನಿಂದ 26 ಡಿಗ್ರಿ ಮುಂದಕ್ಕೆ ನೋಡುತ್ತಿತ್ತು, ಇನ್ನೊಂದು 5 ಡಿಗ್ರಿ ಹಿಂದಕ್ಕೆ. ಒಂದೇ ಜಾಗದ ಎರಡು ಚಿತ್ರ, ಎರಡು ಕೋನದಿಂದ. ನಿಮ್ಮ ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜರುಗುತ್ತದಲ್ಲ, ಆ ಜರುಗುವಿಕೆಯಿಂದಲೇ ಕಾರ್ಟೋಸ್ಯಾಟ್ ಎತ್ತರವನ್ನು ಹೇಳಿತು.

ಅಂತೂ ಅಂಕಿಗಳು ಕೈಗೆ ಬಂದವು. ಈಗ ಚಿತ್ರ ಬರೆಯಬೇಕು. ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಒಂದೇ: ತಗ್ಗಿದ್ದಲ್ಲಿ ಕಪ್ಪು, ಎತ್ತರ ಹೆಚ್ಚಿದಂತೆ ಬೂದು, ತುತ್ತತುದಿಗೆ ಬಿಳಿ. ಮಾಡಿ ನೋಡಿದರೆ ಮಂಜು ಮುಸುಕಿದ ಮಬ್ಬು ಚಿತ್ರವೊಂದು ಬರುತ್ತದೆ, ಬೆಟ್ಟ ಬರುವುದಿಲ್ಲ. ಕಾರಣ ಸರಳ ಲೆಕ್ಕ. ಸಾಮಾನ್ಯ ಕಪ್ಪು ಬಿಳುಪು ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವುದು 256 ಮೆಟ್ಟಿಲು. ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಭಾಗಿಸಿದರೆ ಒಂದು ಮೆಟ್ಟಿಲಿಗೆ ಏಳೂವರೆ ಮೀಟರ್. ಎರಡು ಅಂತಸ್ತಿನ ಮನೆಯಷ್ಟು ಎತ್ತರದ ದಿಣ್ಣೆಯೊಂದು ಒಂದೇ ಮೆಟ್ಟಿಲಿನೊಳಗೆ ಮುಚ್ಚಿಹೋಗುತ್ತದೆ. ಅದೂ ಅಲ್ಲದೆ ಪಕ್ಕಪಕ್ಕದ ಎರಡು ಮೆಟ್ಟಿಲುಗಳ ಬೂದು ಬಣ್ಣ ಬೇರೆಬೇರೆ ಎಂದು ನಮ್ಮ ಕಣ್ಣಿಗೆ ಗೊತ್ತೂ ಆಗುವುದಿಲ್ಲ.

ಬಣ್ಣ ಹಾಕಿದರೆ? ಶಾಲೆಯ ಅಟ್ಲಾಸಿನಲ್ಲಿ ಹಾಕಿರುವುದು ಅದನ್ನೇ. ತಗ್ಗು ಪ್ರದೇಶಕ್ಕೆ ಹಸಿರು, ಆಮೇಲೆ ಹಳದಿ, ಎತ್ತರಕ್ಕೆ ಕಂದು. ಎತ್ತರ ಎಷ್ಟು ಎಂದು ತಿಳಿಯಲು ಇದು ಒಳ್ಳೆಯದೇ. ಆದರೆ ಹಸಿರು ಕಂಡರೆ ಕಾಡು ಎಂದು ಮಕ್ಕಳು ತಿಳಿಯುತ್ತಾರೆ, ಅವರದೇನೂ ತಪ್ಪಿಲ್ಲ. ಉಪ್ಪು ಬೆಳ್ಳಗೆ ಹರಡಿರುವ ಕಛ್‌ನ ರಣ್ ತಗ್ಗಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಅಟ್ಲಾಸಿನಲ್ಲಿ ಹಸಿರು. ವರ್ಷವಿಡೀ ಹಸಿರಾಗಿರುವ ನಮ್ಮ ಘಟ್ಟದ ಮೇಲುಭಾಗಕ್ಕೆ ಸಿಗುವುದು ಹಳದಿ, ಕಂದು. ನನಗಂತೂ ಈ ಬಣ್ಣಗಳ ಮೇಲೆ ಚಿಕ್ಕಂದಿನಿಂದಲೂ ಮುನಿಸಿದೆ.

ಈಗ ಅಂಕಿಗಳನ್ನು ಬೇರೆ ರೀತಿ ನೋಡೋಣ. ಪ್ರತಿಯೊಂದು ಅಂಕಿಯ ಜಾಗದಲ್ಲೂ ಅಷ್ಟೇ ಎತ್ತರದ ಒಂದು ಕೋಲು ನೆಟ್ಟಿದ್ದೇವೆ, ಎಲ್ಲ ಕೋಲುಗಳ ಮೇಲೂ ಒಂದು ದೊಡ್ಡ ಬಿಳಿ ಪಂಚೆ ಹೊದಿಸಿದ್ದೇವೆ ಎಂದುಕೊಳ್ಳಿ. ಪಂಚೆಗೆ ಒಂದೇ ಬಣ್ಣ. ಆದರೂ ಅದರ ಉಬ್ಬುತಗ್ಗು ನಿಮಗೆ ಕಾಣುತ್ತದೆ, ಬೆಳಕಿರುವುದರಿಂದ. ಬೆಳಕಿನ ಕಡೆಗೆ ಮುಖ ಮಾಡಿದ ಭಾಗ ಬೆಳ್ಳಗೆ, ಬೆನ್ನು ಮಾಡಿದ ಭಾಗ ಕಪ್ಪಗೆ. ಹಾಗಾದರೆ ಲೆಕ್ಕ ಹಾಕಬೇಕಾದ್ದು ಎತ್ತರವನ್ನಲ್ಲ, ಆ ಜಾಗ ಯಾವ ಕಡೆಗೆ ಎಷ್ಟು ವಾಲಿದೆ ಎಂಬುದನ್ನು.

ಒಂದು ಸಾಲು ಅಂಕಿ ಬರೆಯುತ್ತೇನೆ. ಪೆನ್ಸಿಲ್ ತಂದುಕೊಳ್ಳಿ.

700, 704, 712, 724, 724, 716, 700, 696

ಎಡಗಡೆ ಪಶ್ಚಿಮ, ಬಲಗಡೆ ಪೂರ್ವ. ಒಂದಕ್ಕೂ ಮುಂದಿನದಕ್ಕೂ ನಡುವೆ 30 ಮೀಟರ್ ದೂರ. ಇದೊಂದು ಪುಟ್ಟ ಗುಡ್ಡ. ಬೆಳಕು ಎಡಗಡೆಯಿಂದ, ಅಂದರೆ ಪಶ್ಚಿಮದಿಂದ, ಓರೆಯಾಗಿ ಬೀಳುತ್ತಿದೆ. ಈಗ ಬಲಗಡೆಯ ಅಂಕಿಯಿಂದ ಎಡಗಡೆಯ ಅಂಕಿಯನ್ನು ಕಳೆಯುತ್ತ ಹೋಗಿ. 704ರಲ್ಲಿ 700 ಹೋದರೆ 4. ಆಮೇಲೆ 8, 12, ಸೊನ್ನೆ. ಅಲ್ಲಿಂದ ಇಳಿತ: ಮೈನಸ್ 8, ಮೈನಸ್ 16, ಮೈನಸ್ 4.

ಉತ್ತರ ಸೊನ್ನೆ ಬಂದ ಕಡೆ ನೆಲ ಮಟ್ಟಸ, ಅಲ್ಲಿಗೆ ನಡುಮಧ್ಯದ ಬೂದು ಬಣ್ಣ ತುಂಬಿ. ಏರುತ್ತಿದ್ದರೆ ಆ ಇಳಿಜಾರು ಬೆಳಕಿಗೆ ಮುಖ ಕೊಟ್ಟಿದೆ ಎಂದರ್ಥ, ಏರು ಹೆಚ್ಚಿದಷ್ಟೂ ಬೆಳ್ಳಗೆ ಬಿಡಿ. ಇಳಿಯುತ್ತಿದ್ದರೆ ಬೆಳಕಿಗೆ ಬೆನ್ನು, ಇಳಿತ ಹೆಚ್ಚಿದಷ್ಟೂ ಕಪ್ಪಗೆ ತೀಡಿ. ಮೈನಸ್ 16 ಇರುವ ಜಾಗ ಎಲ್ಲಕ್ಕಿಂತ ಕಪ್ಪು.

ನಿಮ್ಮ ಹಾಳೆಯಲ್ಲಿ 700 ಎರಡು ಸಲ ಬಂದಿರುವುದನ್ನು ಗಮನಿಸಿದಿರಾ? ಗುಡ್ಡದ ಎಡ ಬುಡದಲ್ಲಿ ಒಂದು, ಬಲ ಬುಡದ ಹತ್ತಿರ ಇನ್ನೊಂದು. ಎತ್ತರ ಒಂದೇ, ಬಣ್ಣ ಮಾತ್ರ ಬೇರೆ. ಈ ಚಿತ್ರದ ಗುಟ್ಟೆಲ್ಲ ಇಲ್ಲೇ ಇದೆ: ನೆರಳು ಹೇಳುವುದು ಇಳಿಜಾರನ್ನು, ಎತ್ತರವನ್ನಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಆಗುಂಬೆ ಊರು ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಆದರೆ ನೆರಳಿನ ಚಿತ್ರದಲ್ಲಿ ಬೆಂಗಳೂರು ಬಹುಮಟ್ಟಿಗೆ ಸಪ್ಪೆ ಬೂದು, ಆಗುಂಬೆಯ ಅಂಚೋ ಕೊಡಲಿಯಲ್ಲಿ ಕಡಿದ ಹಾಗೆ ಎದ್ದು ಕಾಣುತ್ತದೆ. ಲಕ್ಕವಳ್ಳಿಯ ಹತ್ತಿರ ಭದ್ರಾ ಅಣೆಕಟ್ಟೆಯ ಹಿನ್ನೀರಂತೂ ಸುಕ್ಕೇ ಇಲ್ಲದ ಒಂದು ಬೂದು ತೇಪೆ. ನೀರಿಗೆ ಇಳಿಜಾರಿಲ್ಲವಲ್ಲ!

ನಾವು ಒಂದೇ ಸಾಲಿನಲ್ಲಿ ಮಾಡಿದ್ದನ್ನು ಕಂಪ್ಯೂಟರ್ ಎರಡೂ ದಿಕ್ಕಿನಲ್ಲಿ ಮಾಡುತ್ತದೆ. ಪ್ರತಿ ಅಂಕಿಯ ಸುತ್ತಲಿನ ಎಂಟು ನೆರೆಯವರನ್ನು ವಿಚಾರಿಸಿ, ಪೂರ್ವ ಪಶ್ಚಿಮವಾಗಿ ಎಷ್ಟು ವಾಲಿದೆ, ಉತ್ತರ ದಕ್ಷಿಣವಾಗಿ ಎಷ್ಟು ವಾಲಿದೆ ಎಂದು ತಿಳಿದುಕೊಳ್ಳುತ್ತದೆ. ಎರಡನ್ನೂ ಸೇರಿಸಿದರೆ ಆ ಪುಟ್ಟ ತುಂಡು ನೆಲ ಆಕಾಶದ ಯಾವ ಕಡೆಗೆ ಮುಖ ಎತ್ತಿದೆ ಎಂಬುದು ಸಿಗುತ್ತದೆ. ಕೋಟಿಗಟ್ಟಲೆ ಅಂಕಿಗಳಿದ್ದರೂ ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಮುಗಿಸುತ್ತದೆ.

ಇನ್ನು, ಎಷ್ಟು ವಾಲಿದರೆ ಎಷ್ಟು ಬೆಳಕು? ಇದಕ್ಕೆ ಉತ್ತರ ಹೇಳಿದವನು ಯೋಹಾನ್ ಹೈನ್ರಿಶ್ ಲ್ಯಾಂಬರ್ಟ್. 1728ರಲ್ಲಿ ಮ್ಯೂಲೂಸ್ ಎಂಬ ಊರಿನಲ್ಲಿ ಹುಟ್ಟಿದ ದರ್ಜಿಯ ಮಗ. ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟು ಅಪ್ಪನ ಕೆಲಸಕ್ಕೆ ಕೈಜೋಡಿಸಬೇಕಾಯಿತು, ಮಿಕ್ಕದ್ದೆಲ್ಲ ತಾನೇ ಓದಿ ಕಲಿತದ್ದು. ಬೆಳಕನ್ನು ಅಳೆಯುವ ಬಗ್ಗೆ 1760ರಲ್ಲಿ ಒಂದು ದೊಡ್ಡ ಪುಸ್ತಕ ಬರೆದ. ಅವನು ಹೇಳಿದ್ದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ಕತ್ತಲೆ ಕೋಣೆಯಲ್ಲಿ ಬಿಳಿ ಹಾಳೆಯ ಮೇಲೆ ಟಾರ್ಚನ್ನು ನೇರವಾಗಿ ಬಿಡಿ, ದುಂಡನೆಯ ಬೆಳಕಿನ ಬಿಲ್ಲೆ ಮೂಡುತ್ತದೆ. ಟಾರ್ಚ್ ಅಲುಗಿಸದೆ ಹಾಳೆಯನ್ನು ಮೆಲ್ಲಗೆ ವಾಲಿಸಿ. ಬಿಲ್ಲೆ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಹಾಗೇ ಮಂಕಾಗುತ್ತದೆ. ಬೆಳಕು ಇದ್ದಷ್ಟೇ ಇದೆ, ಹಂಚಿಕೊಳ್ಳುವ ಜಾಗ ಹೆಚ್ಚಾಯಿತು. ಹಾಳೆಯನ್ನು 60 ಡಿಗ್ರಿ ವಾಲಿಸಿದಾಗ ಬೆಳಕು ಎರಡರಷ್ಟು ಜಾಗಕ್ಕೆ ಹರಡುತ್ತದೆ, ಅಂದರೆ ಪ್ರತಿ ಜಾಗಕ್ಕೆ ಸಿಗುವುದು ಅರ್ಧ. ಹತ್ತನೇ ತರಗತಿಯ ಅಕ್ಕನನ್ನೋ ಅಣ್ಣನನ್ನೋ ಕೇಳಿ, 60 ಡಿಗ್ರಿಯ ಕೊಸೈನ್ ಎಷ್ಟು ಎಂದು. ಅರ್ಧ ಎನ್ನುತ್ತಾರೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಕೋಷ್ಟಕವೇ ಇಲ್ಲಿ ಬೆಟ್ಟಕ್ಕೆ ಬಿಸಿಲು ಹಾಕುತ್ತದೆ.

ಲೆಕ್ಕಕ್ಕೆ ಒಂದು ಸೂರ್ಯ ಬೇಕಲ್ಲ, ಅವನನ್ನು ಎಲ್ಲಿ ನಿಲ್ಲಿಸುವುದು? ನಕ್ಷೆ ಮಾಡುವವರ ವಾಡಿಕೆಯಲ್ಲಿ ವಾಯವ್ಯದಲ್ಲಿ, ಅಂದರೆ ಉತ್ತರ ಪಶ್ಚಿಮಗಳ ನಡುವಿನ ಮೂಲೆಯಲ್ಲಿ, ದಿಗಂತದಿಂದ 45 ಡಿಗ್ರಿ ಮೇಲೆ. ನಕ್ಷೆಯ ಮೇಲ್ಭಾಗ ಉತ್ತರವಾದ್ದರಿಂದ ಬೆಳಕು ಹಾಳೆಯ ಎಡ ಮೇಲ್ಮೂಲೆಯಿಂದ ಬಂದಂತೆ. ತಮಾಷೆಯೆಂದರೆ ನಮ್ಮ ಮಲೆನಾಡಿನಲ್ಲಿ ಸೂರ್ಯ ಅಷ್ಟು ಎತ್ತರದಲ್ಲಿದ್ದಾಗ ನಟ್ಟ ವಾಯವ್ಯದಲ್ಲಿ ವರ್ಷದ ಯಾವ ದಿನವೂ ಇರುವುದಿಲ್ಲ. ಯುರೋಪಿನಲ್ಲಂತೂ ಕೇಳುವುದೇ ಬೇಡ. 1845ರಿಂದ 1865ರವರೆಗೆ ಜನರಲ್ ಡ್ಯೂಫೂರ್ ಮುಂದಾಳತ್ವದಲ್ಲಿ ಸ್ವಿಟ್ಜರ್ಲೆಂಡಿನ ಹೆಸರಾಂತ ನಕ್ಷೆಗಳು ಹೊರಬಂದವು. ಅವುಗಳಲ್ಲೂ ಬೆಳಕು ವಾಯವ್ಯದ್ದೇ. ಆಲ್ಪ್ಸ್ ಬೆಟ್ಟಗಳ ಉತ್ತರದ ಇಳಿಜಾರು ಚಳಿಗಾಲದಲ್ಲಿ ಬಿಸಿಲು ಕಾಣದ ಜಾಗ, ನಕ್ಷೆಯಲ್ಲಿ ಮಾತ್ರ ಅದಕ್ಕೇ ಫಳಫಳ ಬಿಸಿಲು!

ಹೀಗೇಕೆ ಮಾಡಿದರು? ಬಲಗೈಯಲ್ಲಿ ಬರೆಯುವವರು ಕೈಯ ನೆರಳು ಹಾಳೆಯ ಮೇಲೆ ಬೀಳದಿರಲೆಂದು ದೀಪವನ್ನು ಎಡಗಡೆ ಇಟ್ಟುಕೊಳ್ಳುತ್ತಿದ್ದರು, ಆ ರೂಢಿಯೇ ಚಿತ್ರದೊಳಕ್ಕೂ ಬಂತು ಎನ್ನುವವರಿದ್ದಾರೆ. ಇದಕ್ಕಿಂತ ಗಟ್ಟಿಯಾದ ಕಾರಣ ನಮ್ಮ ತಲೆಯೊಳಗಿದೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮಿದುಳು ಗಟ್ಟಿಯಾಗಿ ನಂಬಿಕೊಂಡಿದೆ. ಚಂದ್ರನ ಕುಳಿಗಳ ಒಂದು ಫೋಟೋ ಹುಡುಕಿ, ಅದನ್ನು ತಲೆಕೆಳಗು ಮಾಡಿ ನೋಡಿ. ಕುಳಿಗಳೆಲ್ಲ ಗುಳ್ಳೆಗಳಂತೆ ಉಬ್ಬಿ ನಿಲ್ಲುತ್ತವೆ! ಅವು ಕುಳಿ ಎಂದು ನಿಮಗೆ ಗೊತ್ತಿದ್ದರೂ ಕಣ್ಣು ಕೇಳುವುದಿಲ್ಲ. ಹಗಲು ಹತ್ತೂವರೆಯ ಹೊತ್ತಿಗೆ ಉಪಗ್ರಹ ತೆಗೆದ ನಮ್ಮ ಘಟ್ಟಗಳ ಡಿಸೆಂಬರ್ ತಿಂಗಳ ಫೋಟೋಗಳಲ್ಲೂ ಇದೇ ಪಜೀತಿ. ಆಗ ಸೂರ್ಯ ಆಗ್ನೇಯದಲ್ಲಿ, ಅಂದರೆ ಚಿತ್ರದ ಕೆಳಮೂಲೆಯಲ್ಲಿರುತ್ತಾನೆ. ಕಣಿವೆ ಏಣಿನಂತೆಯೂ ಹೊಳೆ ಬೆಟ್ಟದ ನೆತ್ತಿಯ ಮೇಲೆ ಹರಿದಂತೆಯೂ ಕಾಣುತ್ತದೆ. ಚಿತ್ರವನ್ನು ತಿರುಗಿಸಿ ಹಿಡಿದರೆ ಎಲ್ಲ ಸರಿಹೋಗುತ್ತದೆ.

ನಕ್ಷೆಗೆ ನೆರಳು ಹಾಕುವ ಈ ಕೆಲಸವನ್ನು ಬಹುಕಾಲ ಮನುಷ್ಯರೇ ಕೈಯಿಂದ ಮಾಡಿದರು. ಜ್ಯೂರಿಕ್‌ನ ಪ್ರಾಧ್ಯಾಪಕ ಎಡ್ವರ್ಡ್ ಇಮ್‌ಹೋಫ್ ಕುಂಚ ಹಿಡಿದು ಆಲ್ಪ್ಸ್ ಪರ್ವತಗಳಿಗೆ ನೆರಳು ಹಾಕುವುದರಲ್ಲಿ ಎತ್ತಿದ ಕೈ. ಅಂಕಿಗಳಿಂದಲೇ ನೆರಳನ್ನು ಲೆಕ್ಕ ಹಾಕುವ ದಾರಿಯನ್ನು 1960ರ ದಶಕದಲ್ಲಿ ಇಸ್ರೇಲಿನ ಪಿನ್‌ಹಾಸ್ ಯೋಲಿ ತೋರಿಸಿಕೊಟ್ಟ. ಇಮ್‌ಹೋಫ್ ಕೈಚಿತ್ರಗಳ ಮುಂದೆ ಇಂದಿನ ಕಂಪ್ಯೂಟರ್ ಚಿತ್ರಗಳು ನನಗೆ ಈಗಲೂ ಒರಟಾಗಿಯೇ ಕಾಣುತ್ತವೆ. ಯಾವ ಏಣು ಮುಖ್ಯ, ಯಾವುದನ್ನು ಬಿಡಬಹುದು ಎಂಬ ವಿವೇಚನೆ ಆತನ ಕುಂಚಕ್ಕಿತ್ತು. ಕೊಸೈನ್ ಕೋಷ್ಟಕಕ್ಕೆ ಅದು ಎಲ್ಲಿಂದ ಬರಬೇಕು?

ಬೆಟ್ಟ ಬಿಟ್ಟು ಮುಖಕ್ಕೆ ಬರೋಣ. 1971ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಫ್ರಾನ್ಸಿನ ಆನ್ರಿ ಗೂರೋ ತನ್ನ ಹೆಂಡತಿ ಸಿಲ್ವಿಯ ಮುಖದ ಮೇಲೆ ಗೆರೆಗಳನ್ನು ಎಳೆದು, ಆ ಗೆರೆಗಳು ಕೂಡುವ ಬಿಂದುಗಳನ್ನು ಅಳೆದು, ಕಂಪ್ಯೂಟರಿಗೆ ಕೊಟ್ಟ. ಮುಖ ಬಂತು, ಆದರೆ ಸಣ್ಣ ಸಣ್ಣ ಚಪ್ಪಟೆ ಬಿಲ್ಲೆಗಳನ್ನು ಜೋಡಿಸಿದಂತೆ. ಪ್ರತಿ ಬಿಲ್ಲೆಗೂ ಒಂದೇ ಬಣ್ಣ, ಪಕ್ಕದ ಬಿಲ್ಲೆಗೆ ಇನ್ನೊಂದು, ನಡುವೆ ಅಂಚು ಎದ್ದು ಕಾಣುತ್ತಿತ್ತು. ಗೂರೋ ಒಂದು ಉಪಾಯ ಮಾಡಿದ. ಬಿಲ್ಲೆಯ ಮೂಲೆಗಳಲ್ಲಿ ಮಾತ್ರ ಬೆಳಕಿನ ಲೆಕ್ಕ ಹಾಕಿ, ಒಂದು ಮೂಲೆಯಿಂದ ಇನ್ನೊಂದಕ್ಕೆ ಬಣ್ಣ ಮೆಲ್ಲಗೆ ಕರಗುತ್ತ ಹೋಗುವಂತೆ ಮಾಡಿದ. ಅಂಚುಗಳು ಮಾಯವಾಗಿ ಕೆನ್ನೆ ನುಣುಪಾಯಿತು.

ಅದೇ ವಿಶ್ವವಿದ್ಯಾಲಯಕ್ಕೆ ಬಂದ ಇನ್ನೊಬ್ಬ ಹುಡುಗ ಬೂಯಿ ತುವಾಂಗ್ ಫಾಂಗ್, ಹುಟ್ಟಿದ್ದು ವಿಯೆಟ್ನಾಮಿನ ಹನೋಯಿಯಲ್ಲಿ. ಅವನು ಕರಗಿಸಿದ್ದು ಬಣ್ಣವನ್ನಲ್ಲ, ಮೇಲ್ಮೈ ಮುಖ ಮಾಡಿರುವ ದಿಕ್ಕನ್ನು. ಒಂದು ಮೂಲೆಯ ದಿಕ್ಕಿನಿಂದ ಇನ್ನೊಂದು ಮೂಲೆಯ ದಿಕ್ಕಿಗೆ ಹಂತಹಂತವಾಗಿ ತಿರುಗಿಸುತ್ತ, ಪ್ರತಿ ಚುಕ್ಕೆಗೂ ಬೆಳಕಿನ ಲೆಕ್ಕ ಹೊಸದಾಗಿ ಹಾಕಿದ. ಸಾಲದೆಂದು ಹೊಳಪಿನ ಚುಕ್ಕೆಯನ್ನೂ ಸೇರಿಸಿದ. ಸ್ಟೀಲ್ ಲೋಟದ ಮೇಲೆ ದೀಪದ ಬೆಳಕು ಒಂದು ಕಡೆ ಮಿನುಗುತ್ತದಲ್ಲ, ಆ ಮಿನುಗು. ಅವನ ಪ್ರಬಂಧ ಅಚ್ಚಾದದ್ದು 1975ರಲ್ಲಿ. ಅದೇ ವರ್ಷ, ಇನ್ನೂ 32ರ ವಯಸ್ಸಿನಲ್ಲೇ, ಅವನು ಕ್ಯಾನ್ಸರಿನಿಂದ ತೀರಿಕೊಂಡ. ಕಂಪ್ಯೂಟರ್ ಚಿತ್ರಗಳ ಪಾಠ ಹೇಳುವ ಕಡೆಯಲ್ಲೆಲ್ಲ ಅವನ ಹೆಸರನ್ನು ಇಂದಿಗೂ ಹೇಳುತ್ತಾರೆ.

ಎತ್ತರದ ಅಂಕಿಗೆ ಒಪ್ಪುವ ಈ ಲೆಕ್ಕ ಬೇರೆ ಅಂಕಿಗೂ ಒಪ್ಪುತ್ತದೆಯೇ? ಧಾರಾಳವಾಗಿ. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ದೇಹದೊಳಗಿನ ಪ್ರತಿ ಪುಟ್ಟ ಜಾಗವೂ ಎಕ್ಸ್-ರೇಯನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಒಂದೊಂದು ಅಂಕಿ ಸಿಗುತ್ತದೆ. ಈ ಯಂತ್ರವನ್ನು ಮಾಡಿ 1979ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1000, ಮೂಳೆ ನೂರಾರು. ಇಲ್ಲಿ ಅಂಕಿಗಳು ಹಾಳೆಯ ಮೇಲೆ ಹರಡಿಲ್ಲ, ಇಡೀ ದೇಹದ ಒಳಗೆಲ್ಲ ತುಂಬಿಕೊಂಡಿವೆ. ಮೇಲ್ಮೈ ಎಲ್ಲಿದೆ ಎಂಬುದೇ ಪ್ರಶ್ನೆ!

ಇದಕ್ಕೆ 1987ರಲ್ಲಿ ವಿಲಿಯಂ ಲೊರೆನ್ಸನ್ ಮತ್ತು ಹಾರ್ವೆ ಕ್ಲೈನ್ ಒಂದು ಜಾಣ ದಾರಿ ತೋರಿಸಿದರು. ಮೊದಲು ಒಂದು ಅಂಕಿ ಆರಿಸಿಕೊಳ್ಳಿ, 300 ಎನ್ನೋಣ. ದೇಹವನ್ನು ಪುಟ್ಟ ಪುಟ್ಟ ಘನಗಳಾಗಿ ಭಾಗಿಸಿ. ಒಂದೊಂದು ಘನಕ್ಕೂ ಎಂಟು ಮೂಲೆ. ಪ್ರತಿ ಮೂಲೆಗೂ ಒಂದೇ ಪ್ರಶ್ನೆ: ನಿನ್ನ ಅಂಕಿ 300ಕ್ಕಿಂತ ಹೆಚ್ಚೋ, ಕಡಿಮೆಯೋ? ಒಂದು ಮೂಲೆಗೆ ಎರಡು ಉತ್ತರ ಸಾಧ್ಯ. ಎಂಟು ಮೂಲೆಗೆ ಎರಡನ್ನು ಎಂಟು ಸಲ ಗುಣಿಸಿ: 256 ಬಗೆ. ಆದರೆ ಘನವನ್ನು ಹೊರಳಿಸಿ, ಒಳಗನ್ನು ಹೊರಗಾಗಿಸಿ ನೋಡಿದರೆ ಅವುಗಳಲ್ಲಿ ಬಹಳಷ್ಟು ಒಂದೇ ಎಂದು ಗೊತ್ತಾಗುತ್ತದೆ, ಕೊನೆಗೆ ಉಳಿಯುವುದು 15. ಆ 15ರಲ್ಲಿ ಒಂದೊಂದಕ್ಕೂ ಘನದೊಳಗೆ ತ್ರಿಕೋನಗಳನ್ನು ಎಲ್ಲಿ ಹೇಗೆ ಕೂರಿಸಬೇಕೆಂದು ಮೊದಲೇ ಬರೆದಿಟ್ಟುಕೊಂಡರಾಯಿತು. ಕಂಪ್ಯೂಟರ್ ಘನದಿಂದ ಘನಕ್ಕೆ ಹೆಜ್ಜೆ ಹಾಕುತ್ತ ತ್ರಿಕೋನಗಳನ್ನು ಹೊಲಿಯುತ್ತ ಹೋದರೆ ತಲೆಬುರುಡೆ ಮೂಡುತ್ತದೆ. ಮೇಲೆ ಲ್ಯಾಂಬರ್ಟನ ಬಿಸಿಲು, ಗೂರೋನ ನುಣುಪು. 300ರ ಬದಲು ಮೈನಸ್ 300 ಆರಿಸಿದ್ದರೆ? ಗಾಳಿಗೂ ದೇಹಕ್ಕೂ ನಡುವಿನ ಗಡಿ ಸಿಗುತ್ತಿತ್ತು, ಅದೇ ಅಂಕಿಗಳಿಂದ ಕಿವಿ, ಮೂಗು, ಚರ್ಮ ಇರುವ ಮುಖ ಮೂಡುತ್ತಿತ್ತು.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸುವ ಚಿತ್ರ 1993ರದ್ದು. ಅಮೆರಿಕದ ಐ.ಬಿ.ಎಂ. ಸಂಸ್ಥೆಯ ವಿಜ್ಞಾನಿಗಳು ತಾಮ್ರದ ಮೇಲೆ 48 ಕಬ್ಬಿಣದ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಉಂಗುರ ಕಟ್ಟಿದರು. ಸೂಜಿಯಂಥ ತುದಿಯನ್ನು ಮೇಲ್ಮೈಗೆ ತಾಗಿಯೂ ತಾಗದ ಹಾಗೆ ಆಡಿಸುತ್ತ ಅಳೆಯುವ ಸೂಕ್ಷ್ಮದರ್ಶಕವೊಂದಿದೆ. ಗೆರ್ಡ್ ಬಿನ್ನಿಗ್, ಹೈನ್ರಿಶ್ ರೋರರ್ ಎಂಬಿಬ್ಬರು ಅದನ್ನು 1981ರಲ್ಲಿ ಮಾಡಿದರು, 1986ರಲ್ಲಿ ಅವರಿಗೆ ನೊಬೆಲ್ ಬಂತು. ಆ ಸೂಜಿ ಕೊಟ್ಟಿದ್ದೂ ಬರೀ ಅಂಕಿಗಳನ್ನೇ. ಅವುಗಳಿಂದ ಮಾಡಿದ ಚಿತ್ರದಲ್ಲಿ 48 ಶಿಖರಗಳು ಸುತ್ತುಗಟ್ಟಿ ನಿಂತಿವೆ, ನಡುವೆ ಎಲೆಕ್ಟ್ರಾನುಗಳ ಅಲೆಗಳು ಉಂಗುರ ಉಂಗುರವಾಗಿ ಎದ್ದಿವೆ, ಎಲ್ಲಕ್ಕೂ ಬಿಸಿಲು, ನೆರಳು, ಮಿನುಗು. ಆ ಇಡೀ ಉಂಗುರದ ಅಗಲ ಸುಮಾರು 14 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಒಂದು ಅಲೆಯೇ 400 ನ್ಯಾನೋಮೀಟರಿನಷ್ಟು ಅಥವಾ ಅದಕ್ಕಿಂತ ಉದ್ದ. ಅಂದರೆ ಆ ಶಿಖರಗಳ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದಕ್ಕೆ ನೆರಳು ಬೀಳುವುದೆಂಬುದೇ ಅಲ್ಲಿ ಅಸಾಧ್ಯ. ಬಣ್ಣವೂ ಚಿತ್ರ ಮಾಡಿದವರು ಆರಿಸಿಕೊಂಡದ್ದು. ಅಂಕಿಗಳು ಮಾತ್ರ ನಿಜ.

ಇಂಥ ಚಿತ್ರಗಳಲ್ಲಿ ಒಂದು ಅಪಾಯವೂ ಇದೆ. 1990ರಿಂದ 1994ರವರೆಗೆ ಶುಕ್ರ ಗ್ರಹವನ್ನು ಸುತ್ತಿದ ಮ್ಯಾಗೆಲನ್ ನೌಕೆಯ ರೇಡಾರ್ ಅಂಕಿಗಳಿಂದ ಮಾಟ್ ಮಾನ್ಸ್ ಎಂಬ ಜ್ವಾಲಾಮುಖಿಯ ಭವ್ಯ ಚಿತ್ರ ಬಂತು. ನೋಡಿದವರು ದಂಗಾದರು, ಗಗನಕ್ಕೆ ಮುಟ್ಟುವ ಶಿಖರ! ಆದರೆ ಆ ಚಿತ್ರದಲ್ಲಿ ಎತ್ತರವನ್ನು ಇದ್ದದ್ದಕ್ಕಿಂತ 22.5 ಪಟ್ಟು ಹಿಗ್ಗಿಸಿದ್ದರು. ನಿಜಕ್ಕೂ ಅದು ಎಂಟು ಕಿಲೋಮೀಟರ್ ಎತ್ತರವಾದರೂ ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿದ ಸಣ್ಣ ಇಳಿಜಾರಿನ ಬೆಟ್ಟ. ‘ಚಪ್ಪಟೆ ಶುಕ್ರ ಸಂಘ’ ಕಟ್ಟಬೇಕು ಎಂದು ಡೇವಿಡ್ ಮಾರಿಸನ್ ಎಂಬ ಖಗೋಳ ವಿಜ್ಞಾನಿ ತಮಾಷೆ ಮಾಡಿದ. ನಾನಾಗಿದ್ದರೆ ಸದಸ್ಯನಾಗುತ್ತಿದ್ದೆ. ಸ್ವಲ್ಪ ಹಿಗ್ಗಿಸದಿದ್ದರೆ ಏನೂ ಕಾಣುವುದಿಲ್ಲ ಎಂಬುದು ನಿಜ. ಆದರೆ ಎಷ್ಟು ಹಿಗ್ಗಿಸಿದ್ದೇವೆ ಎಂದು ಚಿತ್ರದ ಪಕ್ಕದಲ್ಲೇ ದೊಡ್ಡದಾಗಿ ಬರೆಯಬೇಡವೇ? ಮಂಗಳ ಗ್ರಹದ ಒಲಿಂಪಸ್ ಮಾನ್ಸ್ ಇದಕ್ಕಿಂತ ಎಷ್ಟೋ ಎತ್ತರ, 20 ಕಿಲೋಮೀಟರಿಗೂ ಮಿಕ್ಕಿ. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ 60 ಕೋಟಿಗೂ ಹೆಚ್ಚು ಸಲ ಲೇಸರ್ ಮಿಡಿದು ಆ ಗ್ರಹದ ಎತ್ತರಗಳನ್ನು ಅಳೆಯಿತು. ಹಿಗ್ಗಿಸದೆ ನೆರಳು ಹಾಕಿದರೆ ಆ ಮಹಾ ಬೆಟ್ಟದ ಮೈ ತೀರಾ ಸಪ್ಪೆ, ಏಕೆಂದರೆ ಇಳಿಜಾರು ಸರಾಸರಿ ಐದು ಡಿಗ್ರಿಯಷ್ಟೇ. ಕಡಿದಾದ ಅಂಚಿರುವ ಕಡೆ ಮಾತ್ರ ನೆರಳು ದಟ್ಟವಾಗುತ್ತದೆ. ಅದಕ್ಕೇ ಮಂಗಳನ ನಕ್ಷೆಗಳಲ್ಲಿ ಎತ್ತರಕ್ಕೆ ಬಣ್ಣ, ಇಳಿಜಾರಿಗೆ ನೆರಳು, ಎರಡನ್ನೂ ಒಟ್ಟಿಗೆ ಬಳಸುತ್ತಾರೆ.

ಇದನ್ನೆಲ್ಲ ಮಾಡಲು ಕಂಪ್ಯೂಟರ್ ಬೇಕೇಬೇಕೆಂದಿಲ್ಲ. ಇದ್ದವರು ಇಸ್ರೋದ ‘ಭುವನ್’ ತಾಣದಲ್ಲಿ ಕಾರ್ಟೋಸ್ಯಾಟ್ ಕೊಟ್ಟ ಎತ್ತರಗಳನ್ನು ನೋಡಬಹುದು. ಇಲ್ಲದವರು ರೈಲಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕುಳಿತುಕೊಳ್ಳಿ. ನಿಲ್ದಾಣದ ಹೆಸರು ಬರೆದ ಹಳದಿ ಫಲಕದ ಕೆಳಗೆ ಆ ಜಾಗ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಒಂದೊಂದು ನಿಲ್ದಾಣ ಬಂದಾಗಲೂ ಅದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಮನೆಗೆ ಬಂದು ಒಂದರಿಂದ ಒಂದನ್ನು ಕಳೆದು ಪೆನ್ಸಿಲಿನಿಂದ ನೆರಳು ಹಾಕಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ಇಳಿಯುವ ಹಾದಿ ಸಿಕ್ಕರಂತೂ ಬಿಡಬೇಡಿ. ಸುಮಾರು 55 ಕಿಲೋಮೀಟರ್ ಉದ್ದದ ಆ ಘಟ್ಟದ ಹಾದಿಯಲ್ಲಿ ಹಳಿ 50 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಇಳಿಯುತ್ತದೆ. ನಿಲ್ದಾಣಗಳ ನಡುವಿನ ದೂರವನ್ನೂ ಮರೆಯದೆ ಬರೆದುಕೊಳ್ಳಿ, ದೂರ ಗೊತ್ತಿಲ್ಲದೆ ಇಳಿಜಾರಿನ ಲೆಕ್ಕ ಸಿಗುವುದಿಲ್ಲ.